ಪಟ್ಟದ ರಾಣಿಯೂ ಕೆಡದ ಕಾಯಿಲೂ

ಶಿವಮ್ಮನವರು ಮೀಟರಿನ ಎರಡು ಕಡ್ಡಿಗಳ ತುದಿಯನ್ನು ಒಂದಕ್ಕೊಂದು ತಾಗಿಸಿ ಹಿಡಿದರು. ಸೊನ್ನೆ ತೋರಬೇಕಿದ್ದ ಮೀಟರು ಸೊನ್ನೆ ಪಾಯಿಂಟ್ ಮೂರು ತೋರಿಸಿತು.

"ಇದು ನನ್ನ ತಂತಿಗಳ ತಪ್ಪು," ಎಂದು ಅವರು ಹಳೆಯ ಲಕೋಟೆಯ ಬೆನ್ನಿನ ಮೇಲೆ ಬರೆದುಕೊಂಡರು. "ಮೊದ್ಲು ಇದನ್ನ ಕಳೀಬೇಕು. ಇನ್ನೊಬ್ಬರ ತಪ್ಪು ಹುಡುಕೋದು ಆಮೇಲೆ."

ಊಟದ ಮೇಜಿನ ಆಚೆ ಕುಳಿತಿದ್ದ ಡಾಕ್ಟರ್ ಚಂದ್ರಮೌಳಿ ಗೋಡೆಯ ಗಡಿಯಾರ ನೋಡಿದರು. ಈಚೆ ಕುಳಿತಿದ್ದ ಮನೋಜ ತನ್ನ ಬೆರಳುಗಳನ್ನು ನೋಡಿಕೊಂಡ. ಅಡುಗೆಮನೆಯಲ್ಲಿ ಡಾಕ್ಟರ ಹೆಂಡತಿ ಕಸ್ತೂರಿ ಉಳಿದ ಹೋಳಿಗೆಗಳನ್ನು ಕಾವಲಿಯ ಮೇಲೆ ಬಿಸಿಮಾಡುತ್ತಿದ್ದಳು. ತುಪ್ಪದ ವಾಸನೆ ಮನೆಯನ್ನೆಲ್ಲ ತುಂಬಿತ್ತು. ಹೊರಗೆ ಸ್ಪ್ರಿಂಗ್‌ಫೀಲ್ಡ್ ಲೇಕ್ಸ್‌ನ ಬೀದಿಯಲ್ಲಿ ಜಕರಾಂಡ ಮರಗಳು ಹೂ ಸುರಿಸುತ್ತಿದ್ದವು. ಸೋಮವಾರವಾದರೂ ಸರ್ಕಾರಿ ರಜೆ.

ಮೊನ್ನೆ ಶನಿವಾರ ಮಧ್ಯಾಹ್ನ ನಾಲ್ಕಕ್ಕೆ ಈ ಮನೆಯ ಮಹಡಿಯಲ್ಲಿ ಹೊಗೆಯ ಅಲಾರಂ ಕೂಗಿ, ಆಯುಧಪೂಜೆಗೆ ಬಂದವರೆಲ್ಲ ಹೊರಗಿನ ಹುಲ್ಲಿಗೆ ಓಡಿ, ತಿರುಗಿ ಬರುವಷ್ಟರಲ್ಲಿ ದಸರೆಗೆ ಕೂರಿಸಿದ್ದ ಗೊಂಬೆಗಳ ತುದಿಯ ಮೆಟ್ಟಿಲಿನಿಂದ ಹಳೆಯ ಗೊಂಬೆ ಪಟ್ಟದ ರಾಣಿ ಮಾಯವಾಗಿದ್ದಳು. ಮಹಡಿಯ ಬಚ್ಚಲುಮನೆಯಲ್ಲಿ ಮನೋಜನ ವೇಪ್ ಸಿಕ್ಕಿತ್ತು.

ಡಾಕ್ಟರ ವಾದ ಸರಳವಾಗಿತ್ತು. ಸಿಗರೇಟಿನ ಬದಲು ಹೀರುವ ಆ ಬ್ಯಾಟರಿ ಕೊಳವೆಯಿಂದ ಆವಿ ಬಿಟ್ಟು ಅಲಾರಂ ಕೂಗಿಸಿದವನು ಯಾರೋ ಅವನೇ ಎಲ್ಲರನ್ನೂ ಹೊರಗೆ ಕಳಿಸಿ ರಾಣಿಯನ್ನು ಎತ್ತಿದವನು. ಕೊಳವೆ ಯಾರದು? ಮನೋಜನದು. ಅಲ್ಲಿಗೆ ಮುಗಿಯಿತು.

ಮನೋಜನಿಗೂ ಅಲ್ಲಿಗೇ ಮುಗಿಯುವುದರಲ್ಲಿತ್ತು. ಕೆ.ಆರ್. ನಗರದ ಹುಡುಗ, ನರ್ಸಿಂಗ್ ಕೊನೆಯ ವರ್ಷ. ಎರಡು ವರ್ಷ ತರಗತಿ ಮುಗಿಸಿಕೊಂಡು ಬಂದು ಡಾಕ್ಟರ ಕ್ಲಿನಿಕ್ಕಿನಲ್ಲೇ, ರೋಗಿಗಳನ್ನು ಬರಮಾಡಿಕೊಳ್ಳುವ ಮುಂದಿನ ಮೇಜಿನಲ್ಲಿ ಕೂರುತ್ತಿದ್ದ. ಪರ್ತ್‌ನ ಆಸ್ಪತ್ರೆಯೊಂದು ಅವನನ್ನು ಕೆಲಸಕ್ಕೆ ಆರಿಸಿತ್ತು. ಬೇಕಾಗಿದ್ದುದು ಒಂದೇ, ಡಾಕ್ಟರ ಶಿಫಾರಸು ಪತ್ರ. ಅದು ಇಂದು ಇಲ್ಲಿನ ಹೊತ್ತಿಗೆ ಸಂಜೆ ಐದರೊಳಗೆ ಆಸ್ಪತ್ರೆಯ ವೆಬ್‌ಸೈಟಿಗೆ ಏರಬೇಕು. ಏರದಿದ್ದರೆ ಪಟ್ಟಿಯ ಮುಂದಿನವರಿಗೆ ಆ ಜಾಗ.

ಡಾಕ್ಟರು ಶನಿವಾರವೇ ಆಸ್ಪತ್ರೆಗೆ ಒಂದು ಇಮೇಲ್ ಕಳಿಸಿದ್ದರು. ಮನೆಯಲ್ಲಿ ಒಂದು ಕಳವಾಗಿದೆ, ಆದ್ದರಿಂದ ಪತ್ರವನ್ನು ತಡೆಹಿಡಿದಿದ್ದೇನೆ ಎಂದು.

ಶಿವಮ್ಮನವರು ಕೈಗಡಿಯಾರ ನೋಡಿದರು. ಮೂರೂವರೆ. ಅದು ಇನ್ನೂ ಅಡಿಲೇಡಿನಿಂದ ಹೊರಟ ದಿನದ ಹೊತ್ತು. ಅಲ್ಲಿನ ಹೊತ್ತು ಇಲ್ಲಿಗಿಂತ ಹಿಂದಿತ್ತು, ಅರ್ಧ ಗಂಟೆ ಕೂಡಿಸಿದರು. ನಾಲ್ಕು. ಉಳಿದಿರುವುದು ಒಂದೇ ಗಂಟೆ.

ಅವರು ಕಸ್ತೂರಿಯ ತಾಯಿಯ ತಂಗಿ. ಮೈಸೂರಿನಲ್ಲಿ ವಿದ್ಯುತ್ ಮಂಡಳಿಯ ಮೀಟರ್ ಪರೀಕ್ಷಾಲಯದಲ್ಲಿ ಮೂವತ್ತೊಂದು ವರ್ಷ ದುಡಿದು, ಈಗ ಅಡಿಲೇಡಿನ ಮಾಸನ್ ಲೇಕ್ಸ್‌ನಲ್ಲಿ ಮಗಳು ಅಪರ್ಣಾಳ ಜೊತೆ ಇದ್ದವರು. ಮೇಜಿನ ಮೇಲಿದ್ದ ಮೀಟರು ಅವರ ಯಜಮಾನರು ಶಂಕರಪ್ಪನವರದು. ಅದೇ ಪರೀಕ್ಷಾಲಯದಲ್ಲಿ ಎದುರು ಮೇಜಿನಲ್ಲಿ ಕೂರುತ್ತಿದ್ದವರು. ಶಿವನ ಪಾದ ಸೇರಿ ಎರಡು ವರ್ಷವಾಗಿತ್ತು. ಅಡಿಲೇಡಿನ ವಿಮಾನ ನಿಲ್ದಾಣದಲ್ಲಿ ತಪಾಸಣೆಯ ಹುಡುಗಿ ಇದೇನೆಂದು ಕೇಳಿದಾಗ ಶಿವಮ್ಮನವರು ನಮ್ಮ ಮನೆಯವರು ಎಂದುಬಿಟ್ಟಿದ್ದರಂತೆ. ಎಲ್ಲರ ಅಮ್ಮಂದಿರೂ ಉಪ್ಪಿನಕಾಯಿ ಒಯ್ಯುತ್ತಾರೆ, ನಮ್ಮಮ್ಮ ಮಲ್ಟಿಮೀಟರ್ ಒಯ್ಯುತ್ತಾಳೆ ಎಂದು ಅಪರ್ಣಾ ಇನ್ನೂ ನಗುತ್ತಿದ್ದಳು.

ಎದೆಯ ಮೇಲಿನ ಇಷ್ಟಲಿಂಗದ ಕರಡಿಗೆಯನ್ನು ಒಮ್ಮೆ ಮುಟ್ಟಿಕೊಂಡು ಅವರು ವೇಪನ್ನು ಕೈಗೆತ್ತಿಕೊಂಡರು. ಬಿಚ್ಚುವ ಮೊದಲು ಗುಂಡಿ ಒತ್ತಿದರು. ಸಣ್ಣ ದೀಪ ಐದು ಸಲ ಮಿನುಗಿ ಆರಿತು. ಆವಿಯಿಲ್ಲ, ಬಿಸಿಯಿಲ್ಲ.

ಇದರ ಅರ್ಥವೇನೆಂದು ಅವರು ಮನೋಜನನ್ನು ಕೇಳಿದರು. ಸರಿಯಿದ್ದರೆ ದೀಪ ಒಂದೇ ಸಮನೆ ಉರಿಯುತ್ತದೆ, ಐದು ಸಲ ಮಿನುಗಿದರೆ ತಲೆ ಸಿಗುತ್ತಿಲ್ಲ ಎಂದು ಅರ್ಥ ಎಂದು ಅವನು ವಿವರಿಸಿದ. ಕೆಳಗಿನದು ಬುಡ, ಅದರಲ್ಲಿ ಬ್ಯಾಟರಿ. ಮೇಲಿನದು ತಲೆ, ಅದರೊಳಗೆ ಹತ್ತಿ ಸುತ್ತಿದ ಒಂದು ತಂತಿಯ ಸುರುಳಿ, ಅದೇ ಕಾಯಿಲು. ದ್ರವ ಹತ್ತಿಗೆ ಇಳಿಯುತ್ತದೆ, ಕರೆಂಟು ಹರಿದರೆ ಕಾಯಿಲು ಕಾಯುತ್ತದೆ, ದ್ರವ ಆವಿಯಾಗುತ್ತದೆ.

"ನಮ್ಮ ಇಮರ್ಷನ್ ಹೀಟರ್‌ನ ಮೊಮ್ಮಗ," ಎಂದರು ಶಿವಮ್ಮನವರು.

ಡಾಕ್ಟರು ಶನಿವಾರ ತಾವೇ ಗುಂಡಿ ಒತ್ತಿ ನೋಡಿದ್ದಾಗಿ ಹೇಳಿದರು. ಆಗ ಬೆಳಕು ಬಂದಿತ್ತು, ವೇಪ್ ಚೆನ್ನಾಗಿಯೇ ಇತ್ತು, ಆಮೇಲೆ ಕೆಟ್ಟಿದ್ದರೆ ಅದಕ್ಕೆ ಯಾರು ಹೊಣೆ ಎಂದರು.

"ಬೆಳಕು ನಿಂತಿತ್ತೋ, ಮಿನುಗಿತೋ?"

"ಬೆಳಕು ಬೆಳಕೇ ಅತ್ತೆ."

ಶಿವಮ್ಮನವರು ಲಕೋಟೆಯ ಮೇಲೆ ಅದನ್ನೂ ಬರೆದುಕೊಂಡರು.

ತಲೆಯನ್ನು ತಿರುಗಿಸಿ ಬಿಚ್ಚಿದರು. ಅದರ ಲೋಹದ ಮೇಲೆ ಸಣ್ಣ ಅಕ್ಷರದಲ್ಲಿ ಸೊನ್ನೆ ಪಾಯಿಂಟ್ ಎಂಟು ಓಮ್ ಎಂದು ಕೆತ್ತಿತ್ತು. ಒಂದು ಕಡ್ಡಿಯನ್ನು ಮಧ್ಯದ ಪಿನ್ನಿಗೆ, ಇನ್ನೊಂದನ್ನು ಸುತ್ತಲಿನ ತಿರುಪಿನ ಅಂಚಿಗೆ ಇಟ್ಟರು. ಮೀಟರು ಎರಡು ಎಂದಿತು, ನಾಲ್ಕು ಎಂದಿತು, ಮತ್ತೆ ಎರಡಕ್ಕೆ ಬಂತು.

ಡಾಕ್ಟರು ನೋಡಿದಿರಾ, ತಂತಿಯೇ ಸಡಿಲವಾಗಿದೆ ಎಂದರು. ಶಿವಮ್ಮನವರು ಸೆರಗಿನ ತುದಿಯಿಂದ ಪಿನ್ನಿನ ಮೇಲಿನ ಜಿಡ್ಡು ಒರೆಸಿ, ಕಡ್ಡಿಗಳನ್ನು ಗಟ್ಟಿಯಾಗಿ ಒತ್ತಿ ಹಿಡಿದರು. ಈಗ ಒಂದು ಪಾಯಿಂಟ್ ಒಂದು. ತಲೆಯನ್ನು ಅಲುಗಿಸಿದರು, ಮೇಜಿಗೆ ಮೆಲ್ಲನೆ ತಟ್ಟಿದರು. ಅಂಕಿ ಕದಲಲಿಲ್ಲ.

"ಒಂದು ಪಾಯಿಂಟ್ ಒಂದರಲ್ಲಿ ನನ್ನ ತಪ್ಪು ಪಾಯಿಂಟ್ ಮೂರು ಕಳೆ. ಎಷ್ಟಾಯ್ತು ಮನೋಜ?"

"ಪಾಯಿಂಟ್ ಎಂಟು ಆಂಟಿ."

"ಕೆತ್ತಿರೋದೂ ಅಷ್ಟೇ. ಕಾಯಿಲು ಕೆಟ್ಟಿಲ್ಲ."

ಹಾಗಾದರೆ ಬುಡಕ್ಕೆ ತಲೆ ಯಾಕೆ ಸಿಗುತ್ತಿಲ್ಲ? ಕಾಯಿಲು ನೆಟ್ಟಗಿದ್ದು ದಾರಿ ಕಟ್ಟಿದೆ. ಪರೀಕ್ಷಾಲಯದಲ್ಲಿ ಶಂಕರಪ್ಪನವರು ಹೊಸಬರಿಗೆ ಹೇಳುತ್ತಿದ್ದ ಮಾತು ಅದೇ. ಮೀಟರನ್ನು ಬೈಯುವ ಮೊದಲು ಕೂಡುವ ಜಾಗ ನೋಡು.

ಶಿವಮ್ಮನವರು ಬುಡವನ್ನು ಕಿಟಕಿಯ ಬೆಳಕಿಗೆ ಹಿಡಿದು, ಪಂಚಾಂಗ ಓದುವ ಭೂತಗನ್ನಡಿಯಲ್ಲಿ ಅದರ ಬಾಯೊಳಗೆ ನೋಡಿದರು. ತುಂಬ ಹೊತ್ತು ನೋಡಿದರು. ಆಮೇಲೆ ಕನ್ನಡಿಯನ್ನು ಕೆಳಗಿಟ್ಟು ತಮ್ಮ ಬಲಗೈಯ ಉಂಗುರದ ಬೆರಳನ್ನು ನೋಡಿಕೊಂಡರು.

ಅವರ ಮುಖದಲ್ಲಿ ಮೊದಲು ಒಂದು ನೆರಳು ಬಂತು. ಅದು ಹೋಗಿ ನಗು ಬಂತು.

ಅವರು ಪವನನಿಗೆ ಫೋನು ಹಚ್ಚಲು ಕಸ್ತೂರಿಗೆ ಹೇಳಿದರು. ಪವನ ಕಸ್ತೂರಿಯ ತಮ್ಮ, ಪರ್ತ್‌ನ ಎಲೆನ್‌ಬ್ರೂಕ್‌ನಲ್ಲಿ ಗಣಿತದ ಮೇಷ್ಟ್ರು. ದಸರೆಗೆಂದು ಬಂದು ನಿನ್ನೆ ತಿರುಗಿ ಹೋಗಿದ್ದ. ಅಲಾರಂ ಕೂಗಿದಾಗ ಎಲ್ಲರೂ ಕೆಳಗೆ ಓಡಿದರೆ ಮೇಲಕ್ಕೆ ಓಡಿದವನು ಅವನೊಬ್ಬನೇ.

ಫೋನಿನಲ್ಲಿ ಪವನನ ನಗುಮುಖ ಕಂಡಿತು. ಅಲ್ಲಿ ಇನ್ನೂ ಎರಡು ಗಂಟೆ, ಶಾಲೆಗೆ ರಜೆ, ಅವನು ಊಟ ಮುಗಿಸಿ ಹಿತ್ತಲಲ್ಲಿ ಕುಳಿತಿದ್ದ. ಶಿವಮ್ಮನವರು ಕೇಳಿದ್ದು ಒಂದೇ ಪ್ರಶ್ನೆ. ಬಚ್ಚಲುಮನೆಯ ಬಾಗಿಲು ತೆರೆದಾಗ ಯಾವ ವಾಸನೆ ಬಂತು?

ಅವನು ಯೋಚಿಸಲೂ ಇಲ್ಲ. ಮಾವಿನಹಣ್ಣಿನದು ಎಂದ. ರಸಪೂರಿ ಹಣ್ಣು ಹಿಂಡಿದ ಹಾಗೆ. ಯಾರೋ ಸೀಕರಣೆ ಮಾಡ್ತಿದಾರೆ ಅಂದುಕೊಂಡೆ ಎಂದ.

ಮನೋಜ ತಲೆಯೆತ್ತಿದ. ತನ್ನ ಚೀಲದಿಂದ ದ್ರವದ ಸೀಸೆ ತೆಗೆದು ಮೇಜಿನ ಮೇಲಿಟ್ಟ. ಪುದೀನ. ಔಷಧಿ ಅಂಗಡಿಯಿಂದ ಕೊಂಡದ್ದು, ಅವರು ಹಣ್ಣಿನ ವಾಸನೆಯವನ್ನು ಮಾರುವಂತೆಯೇ ಇಲ್ಲ.

"ಚಿಕ್ಕಮ್ಮ, ಇನ್ನೊಂದು ಮಾತು," ಎಂದ ಪವನ. "ಅಕ್ಕ ಕೊಟ್ಟ ಚಕ್ಕುಲಿ ಡಬ್ಬಿ ಇಲ್ಲೇ ಕೂತಿದೆ. ದೀಪಾವಳಿ ತನಕ ಮುಚ್ಚಳ ತೆಗೀಬೇಡ ಅಂತ ಆಣೆ ಹಾಕಿಸ್ಕೊಂಡಿದಾಳೆ. ಚಕ್ಕುಲಿಗೆ ಮುಹೂರ್ತ ಇಡೋರನ್ನ ನೋಡಿದೀರಾ ನೀವು?"

ಕಸ್ತೂರಿ ಸೌಟು ಹಿಡಿದೇ ಬಂದು, ಕೆಲಸವಿಲ್ಲದವನ ಹರಟೆ ಎಂದು ಗೊಣಗಿ ಫೋನು ಮುಚ್ಚಿದಳು.

ಗಡಿಯಾರ ನಾಲ್ಕೂ ಇಪ್ಪತ್ತು ತೋರಿಸುತ್ತಿತ್ತು.

ಡಾಕ್ಟರು ಕುರ್ಚಿಯನ್ನು ಹಿಂದಕ್ಕೆ ಸರಿಸಿದರು. ವಾಸನೆ ಸಾಕ್ಷಿಯಾಗುವುದಿಲ್ಲ, ಹುಡುಗನ ಹತ್ತಿರ ಎರಡು ಸೀಸೆ ಇದ್ದಿರಬಹುದು ಎಂದರು. ಪತ್ರ ಬರೆಯಲು ತಮಗೂ ಮನಸ್ಸಿದೆ, ಆದರೆ ಮನಸ್ಸಾಕ್ಷಿ ಒಪ್ಪಬೇಕಲ್ಲ ಎಂದರು. ಹೇಳುವಾಗ ಅವರು ಮನೋಜನ ಕಡೆ ನೋಡಲಿಲ್ಲ.

ಶಿವಮ್ಮನವರು ಬುಡವನ್ನು ಅವರ ಮುಂದೆ ತಳ್ಳಿ ಭೂತಗನ್ನಡಿ ಕೊಟ್ಟರು. ಏನು ಕಾಣುತ್ತದೆ ಎಂದು ಕೇಳಿದರು.

ಬಾಯೊಳಗೆ, ಮಧ್ಯದ ಪಿನ್ನಿನ ಮೇಲೆ, ಹಳದಿಯ ಒಣ ಹೆಕ್ಕಳೆಯೊಂದು ಅಂಟಿತ್ತು. ಅದರ ಅಂಚಿನಲ್ಲಿ ಕೆಂಪಿನ ಒಂದು ಕಣ.

"ಅರಿಶಿನ ಕುಂಕುಮ," ಎಂದರು ಶಿವಮ್ಮನವರು. "ಇಟ್ಟವಳು ನಾನು."

ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು.

ಪಂಚಾಂಗದ ಆಯುಧಪೂಜೆ ಬುಧವಾರವೇ ಬಂದು ಹೋಗಿದ್ದರೂ ಈ ಮನೆಯ ಆಯುಧಪೂಜೆ ಎಲ್ಲರಿಗೂ ಬಿಡುವಾಗುವ ಶನಿವಾರ ನಡೆದಿತ್ತು. ಬೆಳಿಗ್ಗೆ ಹತ್ತಕ್ಕೆ ಗೊಂಬೆಗಳ ಮುಂದೆ ಚಾಪೆ ಹಾಸಿ, ಬಂದವರೆಲ್ಲ ತಮ್ಮ ತಮ್ಮ ಆಯುಧ ಇಟ್ಟಿದ್ದರು. ಡಾಕ್ಟರ ಸ್ಟೆತಾಸ್ಕೋಪು, ಕಸ್ತೂರಿಯ ಕಾಫಿ ಯಂತ್ರ, ಐದಾರು ಲ್ಯಾಪ್‌ಟಾಪು, ಬಾರ್ಬೆಕ್ಯೂ ಒಲೆಯ ಇಕ್ಕಳ. ಹುಲ್ಲು ಕತ್ತರಿಸುವ ಯಂತ್ರದ ನಾಲ್ಕು ಚಕ್ರಕ್ಕೂ ನಿಂಬೆಹಣ್ಣು. ಹಿರಿಯಳೆಂದು ಬೊಟ್ಟು ಇಡುವ ಕೆಲಸ ಶಿವಮ್ಮನವರಿಗೆ ಬಂದಿತ್ತು. ಮನೋಜನ ಬಟ್ಟೆಯ ಮೇಲೆ ಒಂದು ಥರ್ಮಾಮೀಟರು, ಒಂದು ಪೆನ್ ಟಾರ್ಚು, ಪಕ್ಕದಲ್ಲಿ ಎರಡು ತುಂಡಾಗಿ ಬಿಚ್ಚಿಟ್ಟ ಇನ್ನೊಂದು ಸಾಮಾನು ಇತ್ತು. ಕಿವಿ ನೋಡುವ ಯಂತ್ರವಿರಬೇಕು ಎಂದುಕೊಂಡಿದ್ದರು.

"ನಮ್ಮ ಲ್ಯಾಬಿನಲ್ಲಿ ಆಯುಧಪೂಜೆ ದಿನ ಮೀಟರಿನ ಮೈಗೆ ಬೊಟ್ಟಿಡ್ತಿರಲಿಲ್ಲ," ಎಂದು ಅವರು ಹೇಳಿದರು. "ಮುಚ್ಚಳ ತೆಗೆದು, ಕರೆಂಟು ಬರೋ ಬಾಯಿಗೆ ಇಡ್ತಿದ್ವಿ. ಶಕ್ತಿ ಬರೋದು ಅಲ್ಲಿಂದ ತಾನೆ. ಮೂವತ್ತೊಂದು ವರ್ಷದ ಕೈ, ಇದರ ಬಾಯಿ ಕಂಡ ತಕ್ಷಣ ಅಲ್ಲಿಗೇ ಹೋಗಿದೆ."

ಕಡ್ಡಿಯ ತುದಿಯನ್ನು ಸೆರಗಿನಲ್ಲಿ ಒರೆಸುತ್ತ ಮುಂದುವರಿಸಿದರು.

"ಮಾರನೇ ದಿನ ಸ್ಪಿರಿಟ್ ಹತ್ತಿ ಹಿಡ್ಕೊಂಡು ಒಂದೊಂದೇ ಬಾಯಿ ಒರೆಸ್ತಿದ್ದೋರು ಇವರು. ಇಡೋದು ನಿನ್ನ ಭಕ್ತಿ, ಒರೆಸೋದು ನನ್ನ ಭಕ್ತಿ ಅಂತಿದ್ರು. ಈಗ ಒರೆಸೋರಿಲ್ಲ ಅನ್ನೋದು ನನಗೆ ಮರೆತೇ ಹೋಗಿತ್ತು."

ಮನೋಜ ಮೆಲ್ಲನೆ ನೀರಿನ ಲೋಟವನ್ನು ಅವರ ಹತ್ತಿರ ಸರಿಸಿದ. ಅವರು ಒಂದು ಗುಟುಕು ಕುಡಿದು, ಕೆಲಸಕ್ಕೆ ಮರಳಿದರು.

ಮೀಟರಿನ ಒಂದು ಕಡ್ಡಿಯನ್ನು ಹಳದಿ ಹೆಕ್ಕಳೆಯ ಮೇಲೆ, ಇನ್ನೊಂದನ್ನು ಅದೇ ಪಿನ್ನಿನ ಬರಿಯ ಅಂಚಿನ ಮೇಲೆ ಇಟ್ಟು ತೋರಿಸಿದರು. ಮೀಟರು ದಾರಿಯೇ ಇಲ್ಲ ಎಂದಿತು. ಹೆಕ್ಕಳೆಯ ನಡುವೆ ದುಂಡನೆಯ ಒಂದು ಗುರುತಿತ್ತು. ಅರಿಶಿನ ಹಸಿಯಾಗಿದ್ದಾಗ ತಲೆ ತಿರುಗಿಸಿ ಕೂರಿಸಿದ್ದರಿಂದ ಬಿದ್ದ ಅಚ್ಚು. ಅಚ್ಚು ಒಂದೇ, ಎಲ್ಲೂ ಬಿರುಕಿಲ್ಲ. ಎಂದರೆ ಪೂಜೆಯಾದ ಮೇಲೆ ಒಮ್ಮೆ ಜೋಡಿಸಿದ್ದನ್ನು ತಾವು ಈಗ ಬಿಚ್ಚುವವರೆಗೂ ಯಾರೂ ಬಿಚ್ಚಿಲ್ಲ. ಹತ್ತು ಗಂಟೆಗೆ ಸತ್ತ ವೇಪು ನಾಲ್ಕು ಗಂಟೆಗೆ ಆವಿ ಬಿಡುವುದು ಹೇಗೆ?

ಅಂದು ಇಡೀ ದಿನ ನೀನು ಇದನ್ನು ಮುಟ್ಟಲೇ ಇಲ್ಲವೇ ಎಂದು ಡಾಕ್ಟರು ಮನೋಜನನ್ನು ಕೇಳಿದರು. ಮುಟ್ಟಿದ್ದು ನಿಜ, ಜೋಡಿಸಿ, ಕೈ ತೊಳೆಯಲು ಹೋದಾಗ ಬಚ್ಚಲಲ್ಲಿ ಮರೆತು ಬಂದೆ, ಹೀರಲಿಲ್ಲ ಎಂದ ಮನೋಜ. ಪೂಜೆಯಾದ ಆಯುಧ ಅಂದು ಬಳಸಬಾರದು ಎಂದು ಅವನ ತಾಯಿ ಫೋನಿನಲ್ಲಿ ಹೇಳಿದ್ದಳಂತೆ.

"ಪೂಜೆಗೆ ಇದನ್ನ ಯಾಕಪ್ಪಾ ಇಟ್ಟೆ?" ಎಂದು ಶಿವಮ್ಮನವರು ಕೇಳಿದರು.

ಮನೋಜನ ಕಿವಿ ಕೆಂಪಾಯಿತು. "ಸಿಗರೇಟ್ ಬಿಟ್ಟು ಹದಿನಾಲ್ಕು ತಿಂಗಳಾಯ್ತು ಆಂಟಿ. ಈಗ ಇದನ್ನೂ ಕಮ್ಮಿ ಮಾಡ್ಕೊಂಡು ಬರ್ತಿದೀನಿ. ವರ್ಷವೆಲ್ಲ ನಂಗೆ ಜಾಸ್ತಿ ಸಹಾಯ ಮಾಡಿದ್ದು ಯಾವ್ದು ಅಂತ ನೋಡ್ದೆ. ಸ್ಟೆತಾಸ್ಕೋಪ್ ಅಲ್ಲ."

ಅವನು ಅದನ್ನು ತಮಾಷೆಗೆ ಹೇಳಲಿಲ್ಲ. ಶಿವಮ್ಮನವರೂ ನಗಲಿಲ್ಲ. ದೇವರ ಮುಂದೆ ಅಷ್ಟು ನಿಜವಾದ ಸಾಮಾನು ಅಂದು ಬೇರೊಂದಿರಲಿಲ್ಲ ಎಂದು ಅವರಿಗೆ ಅನ್ನಿಸಿತು.

ಈಗ ಅರಿಶಿನ ತೆಗೆದರೆ ಇದು ನಡೆಯಬೇಕು, ನಡೆದರೆ ತಮ್ಮ ಮಾತು ನಿಜ, ನಡೆಯದಿದ್ದರೆ ಡಾಕ್ಟರ ಮಾತು ನಿಜ ಎಂದು ಅವರು ಹೇಳಿದರು. ಡಾಕ್ಟರೇ ತಮ್ಮ ಪೆಟ್ಟಿಗೆಯಿಂದ ಸೂಜಿ ಚುಚ್ಚುವ ಮೊದಲು ಒರೆಸುವ ಸ್ಪಿರಿಟ್ ತುಂಡು ತಂದುಕೊಟ್ಟರು. ಶಿವಮ್ಮನವರು ಬುಡದ ಬಾಯಿಯನ್ನು ಮೂರು ಸಲ ಒರೆಸಿದರು. ನಾಲ್ಕನೆಯ ಸಲ ಒರೆಸುವಾಗ ಕಣ್ಣು ಮುಚ್ಚಿಕೊಂಡಿದ್ದರು.

ಹಳದಿ ಹೋಗಿ ಪಿನ್ನು ಹೊಳೆಯಿತು. ತಲೆಯನ್ನು ಅದರ ಮೇಲಿಟ್ಟು ತಿರುಗಿಸತೊಡಗಿದರು. ಒಂದು ಸುತ್ತು, ಎರಡು ಸುತ್ತು. ಮೂರನೆಯ ಸುತ್ತಿಗೆ ಉಪ್ಪಿನಕಾಯಿ ಜಾಡಿಯ ಮುಚ್ಚಳ ಬಿಗಿಯುವಂತೆ ಬಲ ಹಾಕಿದರು.

"ಅಷ್ಟು ಟೈಟ್ ಮಾಡ್ಬೇಡಿ ಅತ್ತೆ," ಎಂದರು ಡಾಕ್ಟರು. "ನಡುವಿನ ಪಿನ್ ಒಳಗೆ ಕೂತ್ಬಿಡುತ್ತೆ. ಆಮೇಲೆ ಓಮ್ಸ್ ತೋರ್ಸಲ್ಲ. ತಾಗಿದ ಮೇಲೆ ಕಾಲು ಸುತ್ತು, ಅಷ್ಟೇ."

ಹೇಳಿ ಮುಗಿಸಿದ ಮೇಲೆ ಅವರಿಗೆ ತಾವು ಹೇಳಿದ್ದು ಕೇಳಿಸಿತು.

ಶಿವಮ್ಮನವರು ಕಾಲು ಸುತ್ತು ಹಿಂದಕ್ಕೆ ಸಡಿಲಿಸಿ ಗುಂಡಿ ಒತ್ತಿದರು. ದೀಪ ಒಂದೇ ಸಮನೆ ಉರಿಯಿತು. ಪುದೀನದ ಒಂದೆಳೆ ಆವಿ ಮೇಜಿನ ಮೇಲೆ ಎದ್ದು ಕರಗಿತು.

"ಡಾಕ್ಟ್ರೇ," ಎಂದರು ಅವರು, ಪ್ರೀತಿಯಿಂದಲೇ. "ಇದನ್ನ ಯಾವ ಮೆಡಿಕಲ್ ಕಾಲೇಜಲ್ಲಿ ಹೇಳಿಕೊಟ್ರು?"

ಡಾಕ್ಟರು ಹೆಂಡತಿಯ ಕಡೆ ನೋಡಿದರು. ಕ್ಲಿನಿಕ್ಕಿನ ಗೋಡೆಗೆ ಶ್ವಾಸಕೋಶದ ಚಿತ್ರ ಅಂಟಿಸಿ, ದಿನಕ್ಕೆ ಹತ್ತು ಜನಕ್ಕೆ ಹೊಗೆ ಬಿಡಿ ಎಂದು ಬೋಧಿಸುತ್ತಿದ್ದವರು, ಪರೀಕ್ಷೆಯಲ್ಲಿ ಚೀಟಿ ಇಟ್ಟು ಸಿಕ್ಕಿಬಿದ್ದ ಹುಡುಗನಂತೆ ಕುಳಿತರು.

"ಎಂಟು ತಿಂಗಳಿಂದ," ಎಂದರು. "ಮ್ಯಾಂಗೋ."

ನಿಧಾನವಾಗಿ ಎಲ್ಲ ಹೊರಬಂತು. ಮಾರಬಾರದ್ದನ್ನು ಮಾರುವ ಅಂಗಡಿಯೊಂದರಿಂದ ಕೊಂಡದ್ದು. ಶನಿವಾರ ಊಟವಾದ ಮೇಲೆ ಬಚ್ಚಲಿಗೆ ಹೋಗಿ ಎರಡು ಸಲ ಹೀರಿದ್ದರು. ಅಲಾರಂ ಕೂಗಿದಾಗ ತಮ್ಮದನ್ನು ಜೇಬಿಗೆ ಹಾಕಿಕೊಂಡು ಕೆಳಗೆ ಓಡಿದ್ದರು. ತಿರುಗಿ ಬಂದಾಗ ಅಲ್ಲಿ ಮನೋಜನದು ಕಣ್ಣಿಗೆ ಬಿತ್ತು. ಗುಂಡಿ ಒತ್ತಿದರು, ಐದು ಸಲ ಮಿನುಗಿತು. ಅದರ ಅರ್ಥ ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಬೆಳಕು ಬಂತು ಎಂದು ಮಾತ್ರ ಹೇಳಿದರು.

"ಅಲಾರಂ ನಂದು. ಸುಳ್ಳೂ ನಂದು. ಆದ್ರೆ ರಾಣಿನ ನಾನು ಮುಟ್ಟಿಲ್ಲ ಅತ್ತೆ, ದೇವರಾಣೆ. ಅವನೇ ಕದ್ದಿರ್ತಾನೆ, ಇದೊಂದು ಸುಳ್ಳಿಂದ ಏನೂ ಆಗಲ್ಲ ಅಂತ ನನಗೆ ನಾನೇ ಹೇಳ್ಕೊಂಡೆ."

ಕಸ್ತೂರಿ ಸೌಟನ್ನು ಮೇಜಿನ ಮೇಲಿಟ್ಟಳು. ಅವಳ ಮುಖ ಬಿಗಿದಿತ್ತು, ತುಟಿ ಅದುರುತ್ತಿತ್ತು. ಸಿಟ್ಟೆಂದು ಎಲ್ಲರೂ ತಿಳಿದರು. ಅದು ನಗು.

"ಎಂಟು ತಿಂಗಳಿಂದ ಕಾರೆಲ್ಲ ಮಾವಿನಹಣ್ಣು ವಾಸನೆ," ಎಂದಳು, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ. "ನನ್ನ ಬಿಟ್ಟು ಒಬ್ರೇ ಮಾವಿನಹಣ್ಣು ತಿಂತೀರಾ ಅಂದ್ಕೊಂಡಿದ್ದೆ ರೀ. ಸೀಟಿನ ಕೆಳಗೆ ವಾಟೆ ಹುಡುಕಿದೀನಿ ನಾನು. ಟಾರ್ಚ್ ಹಾಕ್ಕೊಂಡು."

ಮನೋಜ ತಡೆಯಲಾರದೆ ನಕ್ಕುಬಿಟ್ಟ. ಶಿವಮ್ಮನವರೂ ನಕ್ಕರು. ಕೊನೆಗೆ ಡಾಕ್ಟರೂ ನಕ್ಕು, ನಗುತ್ತಲೇ ಎದ್ದು ಹುಡುಗನ ಮುಂದೆ ಬಂದು ನಿಂತು ಕೈ ಮುಗಿದರು. ಮನೋಜ ಗಾಬರಿಯಾಗಿ ಆ ಕೈಗಳನ್ನು ಹಿಡಿದುಕೊಂಡ. ತಾನು ಕಮ್ಮಿ ಮಾಡಲು ಬರೆದಿಟ್ಟುಕೊಂಡ ವಾರದ ಪಟ್ಟಿಯೊಂದಿದೆ, ಬೇಕಾದರೆ ಕೊಡುತ್ತೇನೆ ಎಂದ. ತಮ್ಮ ಕ್ಲಿನಿಕ್ಕಿನ ಮುಂದಿನ ಮೇಜಿನ ಹುಡುಗನಿಂದ ಡಾಕ್ಟರು ಆ ಪಟ್ಟಿಯನ್ನು ರೋಗಿಯಂತೆ ತೆಗೆದುಕೊಂಡರು.

ನಾಲ್ಕೂ ನಲವತ್ತು. ಡಾಕ್ಟರು ಪತ್ರ ಬರೆಯಲು ಕುಳಿತರು. ಬೆರಳು ಓಡುತ್ತಿತ್ತು. ಆದರೆ ಶನಿವಾರದ ಇಮೇಲ್ ಆಸ್ಪತ್ರೆಯ ಮೇಜಿನ ಮೇಲೆ ಕೂತಿತ್ತು. ಅದನ್ನು ಅಳಿಸಲು ಬರೀ ಮಾತು ಸಾಲದು, ಅನುಮಾನ ಹೇಗೆ ತಪ್ಪೆಂದು ತೋರಿಸಬೇಕು ಎಂದು ಅವರು ಕೈ ನಿಲ್ಲಿಸಿದರು.

ಪೂಜೆಯ ಫೋಟೋ ಇಲ್ಲವೇ ಎಂದು ಶಿವಮ್ಮನವರು ಕೇಳಿದರು. ಕಸ್ತೂರಿ ಕೂಡಲೇ ತನ್ನ ಫೋನು ತಂದು ಹುಡುಕಿಕೊಟ್ಟಳು. ಶನಿವಾರ ಬೆಳಿಗ್ಗೆ ಹತ್ತೂ ಹನ್ನೆರಡು ಎಂದು ಹೊತ್ತು ನಮೂದಾಗಿತ್ತು. ಚಾಪೆಯ ಮೇಲೆ ಆಯುಧಗಳೆಲ್ಲ ಸಾಲಾಗಿದ್ದವು. ಮನೋಜನ ಬಟ್ಟೆಯ ಮೇಲೆ ಬಾಯಿ ತೆರೆದ ಬುಡ, ಅದರ ನಟ್ಟನಡುವೆ ಹಸಿ ಅರಿಶಿನದ ಬೊಟ್ಟು ಹೊಳೆಯುತ್ತಿತ್ತು.

ಡಾಕ್ಟರು ಫೋಟೋವನ್ನು ಲಗತ್ತಿಸಿ, ಅಲಾರಂ ಕೂಗಿಸಿದ್ದು ತಾವೇ ಎಂದು ಒಂದೇ ಸಾಲಿನಲ್ಲಿ ನೇರವಾಗಿ ಬರೆದರು. ನಾಲ್ಕೂ ಐವತ್ತೆರಡಕ್ಕೆ ಪತ್ರ ಏರಿತು. ಸೇರಿತು ಎಂ‌ಬ ಉತ್ತರ ಬಂದಾಗ ಮನೋಜ ಎದ್ದು ಬಾಗಿಲ ಹೊರಗೆ ಹೋದ. ಜಕರಾಂಡದ ಕೆಳಗೆ ನಿಂತು ತಾಯಿಗೆ ಫೋನು ಮಾಡಿದ್ದು, ಮಾತು ಬಾರದೆ ಬರೀ ಅಮ್ಮಾ ಅಮ್ಮಾ ಎಂದದ್ದು ಒಳಗೆ ಕೇಳಿಸುತ್ತಿತ್ತು. ಡಾಕ್ಟರು ತಮ್ಮ ಮಾವಿನ ಕೊಳವೆಯನ್ನು ತಂದು ಹೋಳಿಗೆ ತಟ್ಟೆಯ ಪಕ್ಕದಲ್ಲಿ ಇಟ್ಟು, ಅವನ ಹಿಂದೆಯೇ ಹೊರಗೆ ಹೋದರು.

ಶಿವಮ್ಮನವರು ಮೀಟರಿನ ತಂತಿಗಳನ್ನು ಸುತ್ತಿದರು. ಮನಸ್ಸು ಹಗುರವಾಗಿತ್ತು. ಶಿವನೇ, ಇಟ್ಟ ತಪ್ಪನ್ನು ಒರೆಸುವ ಕೆಲಸವನ್ನೂ ನನಗೇ ಕೊಟ್ಟೆಯಲ್ಲ ಎಂದುಕೊಂಡರು. ಇನ್ನೊಮ್ಮೆ ತಮ್ಮ ಬೊಟ್ಟನ್ನು ನೋಡುವ ಆಸೆಯಾಗಿ ಮೇಜಿನ ಮೇಲಿದ್ದ ಕಸ್ತೂರಿಯ ಫೋನನ್ನು ಎತ್ತಿಕೊಂಡರು.

ಬೊಟ್ಟು ನೋಡಿದರು. ಕಾಫಿ ಯಂತ್ರ ನೋಡಿದರು. ಬೆರಳು ತಾನಾಗಿ ಮೇಲಕ್ಕೆ ಸರಿದು ಗೊಂಬೆಗಳ ಮೆಟ್ಟಿಲು ಹತ್ತಿತು. ತುದಿಯ ಮೆಟ್ಟಿಲಲ್ಲಿ ಪಟ್ಟದ ರಾಜ, ಪಕ್ಕದಲ್ಲಿ ಪಟ್ಟದ ರಾಣಿ, ತಮ್ಮ ಅಕ್ಕನ, ಎಂದರೆ ಕಸ್ತೂರಿಯ ತಾಯಿಯ ಮದುವೆಗೆ ಅಪ್ಪ ಕೊಟ್ಟಿದ್ದ ಜೋಡಿ. ಇನ್ನೂ ಹೂವಿನ ದಂಡೆ ಹಾಕಿರಲಿಲ್ಲ. ಹಾಕಿದ ಮೇಲೆ ರಾಣಿಯ ಮುಖ ಅರ್ಧ ಮುಚ್ಚಿಹೋಗಿತ್ತು, ಮೆಟ್ಟಿಲು ಅಲುಗಾಡುತ್ತದೆ ಎಂದು ಕಸ್ತೂರಿ ಯಾರನ್ನೂ ಹತ್ತಿರ ಬಿಟ್ಟಿರಲಿಲ್ಲ.

ಎರಡು ಬೆರಳಿನಿಂದ ಅವರು ರಾಣಿಯ ಮುಖವನ್ನು ಹಿಗ್ಗಿಸಿದರು.

ಏಳು ವರ್ಷದವರಿದ್ದಾಗ ಶಿವಮ್ಮನವರು ಆ ರಾಣಿಯನ್ನು ಒರಳುಕಲ್ಲಿಗೆ ಬಡಿದು ಮೂಗು ಮುರಿದಿದ್ದರು. ಅಪ್ಪ ಅರಗು ತುಂಬಿ ಕೂಡಿಸಿದ್ದರು. ಅರಗಿನ ಕೆಂಪು ಗೆರೆ ಅರವತ್ತು ವರ್ಷವಾದರೂ ಹೋಗಿರಲಿಲ್ಲ. ಅಕ್ಕ ಬದುಕಿದ್ದಷ್ಟು ದಿನ ಪ್ರತಿ ದಸರೆಯಲ್ಲೂ ಆ ಗೆರೆ ತೋರಿಸಿ ಇವರನ್ನು ಅಣಕಿಸುತ್ತಿದ್ದಳು.

ಫೋಟೋದ ರಾಣಿಯ ಮೂಗು ನಯವಾಗಿತ್ತು. ಗೆರೆಯಿರಲಿಲ್ಲ.

ಅವರು ಮತ್ತೆ ಹೊತ್ತು ನೋಡಿದರು. ಹತ್ತೂ ಹನ್ನೆರಡು. ಅಲಾರಂ ಕೂಗುವುದಕ್ಕೆ ಆರು ಗಂಟೆ ಮೊದಲೇ ಅಕ್ಕನ ರಾಣಿ ಆ ಮೆಟ್ಟಿಲ ಮೇಲೆ ಇರಲಿಲ್ಲ. ಅವಳ ಸೀರೆ ಉಟ್ಟು ಬೇರೊಬ್ಬಳು ಕುಳಿತಿದ್ದಳು. ಈ ಮನೆಯಲ್ಲಿ ಗೊಂಬೆಗಳಿಗೆ ಸೀರೆ ಉಡಿಸುವ ಕೈ ಒಂದೇ. ದೀಪಾವಳಿ ತನಕ ಮುಚ್ಚಳ ತೆಗೆಯಬಾರದ ಚಕ್ಕುಲಿ ಡಬ್ಬಿಯನ್ನು ಪವನನಿಗೆ ಕೊಟ್ಟದ್ದೂ ಅದೇ ಕೈ.

ಶಿವಮ್ಮನವರು ತಲೆಯೆತ್ತಿದರು. ಕಸ್ತೂರಿ ಅವರ ಹೆಗಲ ಹಿಂದೆಯೇ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ಕೊಡಿ ಚಿಕ್ಕಮ್ಮ," ಎಂದು ಅವಳು ನಗುತ್ತ ಕೈ ಚಾಚಿದಳು. "ಬ್ಯಾಟರಿ ಮುಗೀತಾ ಇದೆ."

ಫೋನಿನ ಮೂಲೆಯಲ್ಲಿ ಎಂಬತ್ತೊಂದು ಎಂದಿತ್ತು.